ಹೆಸರು ಬೇರೆ, ಒಳಗಿನ ಔಷಧಿ ಒಂದೇ

ಪರೀಕ್ಷೆ ಹತ್ತಿರ ಬಂದಾಗಲೇ ನಮ್ಮ ಹಾಸ್ಟೆಲ್‌ನಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ನೆಗಡಿ, ಜ್ವರ. ನನ್ನ ರೂಮ್‌ಮೇಟ್ ಬೆಳಗ್ಗೆ ಜ್ವರದ ಮಾತ್ರೆ ನುಂಗಿದ್ದಳು. ಮಧ್ಯಾಹ್ನ ಪಕ್ಕದ ರೂಮಿನವಳು ನೆಗಡಿ ಮಾತ್ರೆ ಕೊಟ್ಟಳು. ಸಂಜೆ ತಲೆನೋವಿಗೆ ಅಂತ ಇನ್ನೊಬ್ಬಳು ಮತ್ತೊಂದು ತಂದಳು. "ಇದು ಬೇರೆ ಮಾತ್ರೆ ಕಣೇ, ತಗೋ, ಏನೂ ಆಗಲ್ಲ" ಅಂದಳು.

ನನಗೆ ಯಾಕೋ ಅನುಮಾನ ಬಂತು. ಮೂರೂ ಸ್ಟ್ರಿಪ್ ಇಸಿದುಕೊಂಡೆ. ಹಿಂಬದಿಯ ಅಕ್ಷರಗಳು ಎಷ್ಟು ಚಿಕ್ಕವೆಂದರೆ, ಫೋಟೊ ತೆಗೆದು ದೊಡ್ಡದು ಮಾಡಿ ಓದಬೇಕಾಯಿತು. ಬಣ್ಣ ಬೇರೆ, ಕಂಪನಿ ಬೇರೆ. ಆದರೆ ಮೂರರಲ್ಲೂ ಪ್ಯಾರಾಸಿಟಮಾಲ್! ಒಂದರಲ್ಲಿ 650 ಮಿಲಿಗ್ರಾಂ, ಉಳಿದೆರಡರಲ್ಲಿ 500.

ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮೀರಬಾರದು. ತೂಕ ತೀರಾ ಕಮ್ಮಿ ಇದ್ದರೆ, ಲಿವರ್ ತೊಂದರೆಯಿದ್ದರೆ ಇನ್ನೂ ಕಮ್ಮಿ. ಅವಳು ಅಲ್ಲಿವರೆಗೆ ತಗೊಂಡಿದ್ದು ಮಿತಿಯೊಳಗೇ ಇತ್ತು. ಆದರೆ ಆ ಮೂರನ್ನೂ ದಿನಕ್ಕೆ ನಾಲ್ಕು ಸಲ ನುಂಗಿದ್ದರೆ 6.6 ಗ್ರಾಂ ಆಗುತ್ತಿತ್ತು. ಪ್ಯಾರಾಸಿಟಮಾಲ್ ಹೆಚ್ಚಾದರೆ ಮೊದಲ ದಿನ ಅಂಥದ್ದೇನೂ ಗೊತ್ತಾಗದೇ ಇರಬಹುದು. ಅಷ್ಟರಲ್ಲಿ ಲಿವರ್ ಹಾಳಾಗಲು ಶುರುವಾಗಿರುತ್ತದೆ. ಅದಕ್ಕೆ ಅಸಿಟೈಲ್‌ಸಿಸ್ಟೀನ್ ಅನ್ನುವ ಪ್ರತಿಔಷಧವಿದೆ, ಆದರೆ ಮಾತ್ರೆ ನುಂಗಿದ 8 ಗಂಟೆಯೊಳಗೆ ಕೊಟ್ಟರೆ ಅದರ ಫಲ ಜಾಸ್ತಿ. ಹಾಗಾಗಿ "ಆರಾಮಾಗೇ ಇದೀನಲ್ಲ" ಅಂತ ಕಾಯುವುದೇ ಅಪಾಯ.

ವಿಷಯ ಹಬ್ಬಿ, ರಾತ್ರಿ ಎಲ್ಲರೂ ತಂತಮ್ಮ ಮಾತ್ರೆ ತಂದು ಮಂಚದ ಮೇಲೆ ಸುರಿದರು. ಕತ್ತರಿಸಿ ಹಂಚಿಕೊಂಡ ತುಂಡುಗಳೇ ಜಾಸ್ತಿ. ಕೆಲವಕ್ಕೆ ಹೆಸರೇ ಇಲ್ಲ, ಎಕ್ಸ್‌ಪೈರಿ ಡೇಟೂ ಇಲ್ಲ. ಅವನ್ನೆಲ್ಲ ಪಕ್ಕಕ್ಕಿಟ್ಟೆವು. ಮುಟ್ಟಿನ ನೋವಿಗೆ ಅಂತ ಐಬುಪ್ರೊಫೆನ್ ಇಟ್ಟುಕೊಂಡವಳು ಬರೀ ಹೊಟ್ಟೆಯಲ್ಲೇ ನುಂಗಿ ಹೊಟ್ಟೆ ಉರಿ ಅನ್ನುತ್ತಿದ್ದಳು. ನೋವು ಎಬ್ಬಿಸುವ ಪ್ರಾಸ್ಟಾಗ್ಲಾಂಡಿನ್ ಅನ್ನುವ, ಮೈಯಲ್ಲೇ ತಯಾರಾಗುವ ರಾಸಾಯನಿಕಗಳೇ ಜಠರದ ಒಳಪದರವನ್ನೂ ಕಾಯುತ್ತವೆ. ಐಬುಪ್ರೊಫೆನ್ ಎರಡೂ ಕಡೆ ಅವನ್ನು ತಗ್ಗಿಸುತ್ತದೆ. ಊಟದ ಜೊತೆ ತಗೊಳ್ಳಿ ಅನ್ನುವುದು ಸುಮ್ನೆ ಅಲ್ಲ. ಹುಣ್ಣು, ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಲೇಬಾರದು. ಅಸ್ತಮಾ ಇರುವ ಕೆಲವರಿಗೂ ಅದರಿಂದ ಉಸಿರು ಕಟ್ಟುತ್ತದೆ.

ಇಷ್ಟು ಓದುವ ಹುಡುಗಿಯರು ನಾವು. ಆದರೂ ಸ್ಟ್ರಿಪ್ ತಿರುಗಿಸಿ ಓದಿದವರು ಯಾರೂ ಇರಲಿಲ್ಲ. ತರಗತಿಯಲ್ಲಿ ಯಾರಾದರೂ ಒಂದು ಗಂಟೆ ಇದನ್ನು ಹೇಳಿಕೊಟ್ಟಿದ್ದರೆ ಸಾಕಿತ್ತು.

ಆವತ್ತು ನನಗೆ ಜಾಸ್ತಿ ಚಿಂತೆ ಹತ್ತಿಸಿದ್ದು ಸೀನಿಯರ್ ಅಕ್ಕ. ತಲೆನೋವಿಗೆ ಹೆಚ್ಚುಕಮ್ಮಿ ದಿನಾ ಮಾತ್ರೆ, ಅದೂ ತಿಂಗಳುಗಟ್ಟಲೆ. "ಅಕ್ಕಾ, ಒಮ್ಮೆ ತೋರಿಸಿಕೊಂಡು ಬನ್ನಿ" ಅಂತ ಹಿಡಿದು ಕೂತೆ. ಹೋಗಿ ಬಂದರು. ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು ದಿನ ನೋವಿನ ಮಾತ್ರೆ ನುಂಗುತ್ತಿದ್ದರೆ ಮಾತ್ರೆಯಿಂದಲೇ ತಲೆನೋವು ಬರಬಹುದಂತೆ. ಇವರದೂ ಅದೇ ಅಂದರಂತೆ ಡಾಕ್ಟರ್. ಬಿಟ್ಟ ಮೊದಲ ಕೆಲವು ದಿನ ನೋವು ಇನ್ನೂ ಜೋರಾಯಿತು. ಪಾಪ, ಪುಸ್ತಕ ಹಿಡಿಯಲೂ ಆಗುತ್ತಿರಲಿಲ್ಲ. ಆಮೇಲೆ ಇಳಿಯುತ್ತಾ ಬಂತು. ಈಗ ತಲೆನೋವು ಬಂದರೆ ಮೊದಲು ಡೈರಿಯಲ್ಲಿ ತಾರೀಖು ಬರೆಯುತ್ತಾರೆ, ಮುಂದಿನ ಸಲ ಡಾಕ್ಟರಿಗೆ ತೋರಿಸಲು.