ಬೆರ್ಸಿಯ ದಂಡೆಯಲ್ಲಿ ಹಸಿರು ಬಾವುಟ

ಜುಲೈ 1, 2025, ಮಂಗಳವಾರ

ವಿಪರೀತ ಸೆಕೆ. ಪ್ಯಾರಿಸ್‌ಗೆ ಇವತ್ತು ರೆಡ್ ಅಲರ್ಟ್. ಐಫೆಲ್ ಗೋಪುರದ ತುದಿಗೆ ಜನರನ್ನು ಬಿಡುತ್ತಿಲ್ಲ. ತೀರ್ಥಹಳ್ಳಿಯಿಂದ ಅಮ್ಮ ಬಂದು ಮೂರು ವಾರ ಆಯಿತು. "ನಮ್ಮಲ್ಲಿ ಈಗ ಜಡಿಮಳೆ, ಬೆಚ್ಚಗೆ ಒಲೆ ಮುಂದೆ ಕೂರುವ ಕಾಲ, ನೀನು ನೋಡಿದ್ರೆ ನನ್ನನ್ನ ಇಲ್ಲಿ ಕರ್ಕೊಂಡು ಬಂದು ಬೇಯಿಸ್ತಿದೀಯ" ಎಂದು ಬೆಳಗ್ಗೆಯಿಂದ ಹೇಳುತ್ತಿದ್ದಾರೆ. ನಮ್ಮದು ಹಳೇ ಕಟ್ಟಡ, ಸೀಲಿಂಗ್ ಫ್ಯಾನ್ ಇಲ್ಲ. ಒದ್ದೆ ಟವೆಲ್ ಕಿಟಕಿಗೆ ಕಟ್ಟಿ ಕೂತಿದ್ದೇವೆ.

ಈ ಬಿಸಿಲಿನ ನಡುವೆ ಮೇಯರ್ ಕಚೇರಿಯಿಂದ ಒಂದು ಇಮೇಲ್ ಬಂತು. ಬೇಸಿಗೆಯಲ್ಲಿ ಇಂಥವು ಜಾಸ್ತಿ ಬರುತ್ತವೆ, ಯಾವ ಪಾರ್ಕ್ ರಾತ್ರಿಯೂ ತೆರೆದಿರುತ್ತದೆ, ಯಾವ ಬೀದಿ ಅಗೆಯುತ್ತಿದ್ದಾರೆ, ಎಲ್ಲಿ ಸಂಗೀತ ಕಾರ್ಯಕ್ರಮ ಅಂತ. ಅರ್ಧ ಓದುತ್ತೇನೆ, ಅರ್ಧ ಬಿಡುತ್ತೇನೆ. ಇವತ್ತಿನದನ್ನು ಮಾತ್ರ ಎರಡು ಸಲ ಓದಿದೆ. ಈ ಶನಿವಾರದಿಂದ ಸೆನ್ ನದಿಯಲ್ಲಿ ಮೂರು ಕಡೆ ಜನ ಈಜಬಹುದು, ದುಡ್ಡು ಕೊಡಬೇಕಾಗಿಲ್ಲ, ಆಗಸ್ಟ್ 31ರವರೆಗೆ. ಒಂದು ಜಾಗ ನಮ್ಮ ಹನ್ನೆರಡನೇ ಆರೊಂದಿಸ್ಮಾಂನಲ್ಲೇ ಇದೆ. (ಆರೊಂದಿಸ್ಮಾಂ ಅಂದರೆ ನಮ್ಮ ಕಡೆಯ ವಾರ್ಡ್ ಇದ್ದ ಹಾಗೆ, ಆದರೆ ಬಹಳ ದೊಡ್ಡದು, ಅದಕ್ಕೆ ಅಂತಲೇ ಒಬ್ಬ ಮೇಯರ್ ಬೇರೆ ಇರುತ್ತಾರೆ.) ಬೆರ್ಸಿ ದಂಡೆ, ಮನೆಯಿಂದ ಹತ್ತು ನಿಮಿಷದ ನಡಿಗೆ.

ಅಮ್ಮನಿಗೆ ಹೇಳಿದೆ. "ಹೊಳೇಲಿ ಈಜೋದಕ್ಕೆ ಮೇಯರ್ ಹೇಳಬೇಕಾ?" ಎಂದು ಕೇಳಿದರು.

ಹೇಳಬೇಕಿತ್ತು ಅಮ್ಮ. 1923ರಿಂದ ಇಲ್ಲಿ ಈಜುವುದಕ್ಕೆ ನಿಷೇಧ ಇತ್ತು. ಅಂದರೆ ಈ ಊರಿನಲ್ಲಿ ಹುಟ್ಟಿ, ಬೆಳೆದು, ಮುದುಕರಾಗಿ ಹೋದ ಎಷ್ಟೋ ಜನ ತಮ್ಮ ಊರಿನ ಹೊಳೆಗೆ ಒಂದು ದಿನವೂ ನೆಮ್ಮದಿಯಾಗಿ ಇಳಿದವರಲ್ಲ. ಜಾಕ್ ಶಿರಾಕ್ ಇಲ್ಲಿನ ಮೇಯರ್ ಆಗಿದ್ದಾಗ, 1990ರ ಸುಮಾರಿಗೆ, ಇನ್ನು ಮೂರು ವರ್ಷದಲ್ಲಿ ಎಲ್ಲರ ಮುಂದೆ ಸೆನ್‌ನಲ್ಲಿ ಈಜಿ ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದರು. ಆಮೇಲೆ ಅವರು ದೇಶದ ಅಧ್ಯಕ್ಷರೂ ಆದರು, ಈಜಿದ್ದು ಮಾತ್ರ ಇಲ್ಲ. ಕೊನೆಗೆ ನೀರಿಗಿಳಿದವರು ಮೇಯರ್ ಆಗಿದ್ದ ಆನ್ ಹಿಡಾಲ್ಗೊ. ಹೋದ ವರ್ಷ ಜುಲೈ 17ರಂದು, ಒಲಿಂಪಿಕ್ಸ್‌ಗೆ ಒಂಬತ್ತು ದಿನ ಇರುವಾಗ. ಆಫೀಸಿನಲ್ಲಿ ನಾವೆಲ್ಲ ಕೆಲಸ ಬಿಟ್ಟು ಫೋನಿನಲ್ಲಿ ನೋಡಿದ್ದೆವು.

ಜುಲೈ 3, ಗುರುವಾರ

ಸಂಜೆ ಅಮ್ಮನನ್ನು ಆಸ್ಟರ್ಲಿಟ್ಸ್ ರೈಲು ನಿಲ್ದಾಣದ ಕಡೆ ಕರೆದುಕೊಂಡು ಹೋದೆ. ಅಲ್ಲಿ ನೋಡುವುದಕ್ಕೆ ಏನೂ ಇಲ್ಲ. ಒಂದು ದೊಡ್ಡ ಆಸ್ಪತ್ರೆ, ಅದರ ಮುಂದೆ ಸಣ್ಣ ಉದ್ಯಾನ. ಆದರೂ ನನಗೆ ಅಲ್ಲಿಗೇ ಹೋಗಬೇಕಿತ್ತು. ನನ್ನ ಆಫೀಸು ಅಲ್ಲೇ ಹತ್ತಿರ. ವರ್ಷಗಟ್ಟಲೆ ಆ ಜಾಗಕ್ಕೆ ಬೇಲಿ ಹಾಕಿ ಅಗೆಯುತ್ತಿದ್ದರು, ಊಟದ ಹೊತ್ತಿಗೆ ಲಾರಿಗಳ ಸದ್ದು, ಧೂಳು. ಏನು ಕಟ್ಟುತ್ತಿದ್ದಾರೆ ಅಂತ ನಾನು ಬಹಳ ದಿನ ವಿಚಾರಿಸಿಯೇ ಇರಲಿಲ್ಲ.

ಕಟ್ಟಿದ್ದು ಒಂದು ಬಾವಿ. ಬಾವಿ ಅಂತಲೇ ಅಮ್ಮನಿಗೆ ಹೇಳಿದೆ, ಆಕಾರ ಅದೇ ತಾನೇ. 50 ಮೀಟರ್ ಅಗಲ, 30 ಮೀಟರ್‌ಗಿಂತ ಜಾಸ್ತಿ ಆಳ, 50,000 ಘನ ಮೀಟರ್ ನೀರು ಹಿಡಿಯುತ್ತದೆ. ಇಪ್ಪತ್ತು ಒಲಿಂಪಿಕ್ ಈಜುಕೊಳದಷ್ಟು. 2024ರ ಮೇ ತಿಂಗಳಲ್ಲಿ ಉದ್ಘಾಟನೆ ಆಯಿತು.

"ಕುಡಿಯೋ ನೀರಾ?"

ಅಲ್ಲ. ಪ್ಯಾರಿಸ್‌ನ ಒಳಚರಂಡಿ ಹತ್ತೊಂಬತ್ತನೇ ಶತಮಾನದ್ದು. ಮನೆಗಳ ಕೊಳಚೆ, ಬೀದಿಯ ಮಳೆನೀರು ಎರಡೂ ಒಂದೇ ಕಾಲುವೆಯಲ್ಲಿ ಹೋಗುತ್ತವೆ. ಬಿಸಿಲಿನ ದಿನ ತೊಂದರೆ ಇಲ್ಲ, ಎಲ್ಲ ಶುದ್ಧೀಕರಣ ಘಟಕ ಸೇರುತ್ತದೆ. ಜೋರು ಮಳೆ ಬಂದಾಗ ಕಾಲುವೆ ತುಂಬುತ್ತದೆ, ಹಿಡಿಸಲಾರದ್ದನ್ನು ನದಿಗೆ ಬಿಡಬೇಕಾಗುತ್ತದೆ, ಬಿಡದಿದ್ದರೆ ಅದು ಬೀದಿಗೆ, ಮನೆಗಳ ನೆಲಮಾಳಿಗೆಗೆ ಉಕ್ಕುತ್ತದೆ. ನೂರು ವರ್ಷಕ್ಕೂ ಹಳೆಯ ಈ ಕಾಲುವೆಗಳನ್ನೆಲ್ಲ ಕಿತ್ತು ಹೊಸದು ಹಾಕುವುದು ಆಗದ ಕೆಲಸ. ಅದಕ್ಕೆ ಈ ಬಾವಿ. ಮಳೆ ಬಂದಾಗ ಕೊಳಚೆಯನ್ನು ಇಲ್ಲಿ ಹಿಡಿದಿಟ್ಟುಕೊಂಡು, ಮಳೆ ನಿಂತು ಕಾಲುವೆ ಖಾಲಿಯಾದ ಮೇಲೆ ನಿಧಾನಕ್ಕೆ ಮೇಲೆತ್ತಿ ಶುದ್ಧೀಕರಣಕ್ಕೆ ಕಳಿಸುತ್ತಾರೆ.

ಇದೊಂದೇ ಕೆಲಸ ಅಲ್ಲ. ನದಿಯ ಮೇಲ್ಹರಿವಿನ ಎರಡು ಶುದ್ಧೀಕರಣ ಘಟಕಗಳಿಗೆ ರೋಗಾಣು ಕೊಲ್ಲುವ ಹಂತ ಹೊಸದಾಗಿ ಸೇರಿಸಿದರು, ಒಂದರಲ್ಲಿ ಅಲ್ಟ್ರಾವಯಲೆಟ್ ಬೆಳಕಿನಿಂದ. ದಂಡೆಗೆ ಕಟ್ಟಿದ ದೋಣಿಮನೆಗಳ ಕೊಳಚೆ ನೇರ ನದಿಗೆ ಹೋಗುತ್ತಿತ್ತು, ಅವುಗಳಿಗೂ ಒಳಚರಂಡಿ ಸಂಪರ್ಕ ಕಡ್ಡಾಯ ಆಯಿತು. ಇನ್ನೊಂದು ಸಂಗತಿ ಕೇಳಿದಾಗ ನನಗೆ ಬೆಂಗಳೂರು ಕಣ್ಣ ಮುಂದೆ ಬಂತು. ನಗರದ ಆಚೆಯ ಬಡಾವಣೆಗಳಲ್ಲಿ ಮಳೆನೀರಿಗೆ ಬೇರೆ ಪೈಪು, ಕೊಳಚೆಗೆ ಬೇರೆ ಪೈಪು ಇದೆ. ಆದರೆ ಸಾವಿರಾರು ಮನೆಗಳ ಶೌಚದ ಪೈಪು ತಪ್ಪಾಗಿ ಮಳೆನೀರಿನ ಪೈಪಿಗೆ ಸೇರಿಬಿಟ್ಟಿತ್ತು. ಒಂದೊಂದೇ ಮನೆ ಹುಡುಕಿ, ಬಾಗಿಲು ತಟ್ಟಿ, ಸರಿಪಡಿಸುತ್ತಿದ್ದಾರೆ. ನಮ್ಮ ರಾಜಕಾಲುವೆಗಳ ಕಥೆಯೂ ಇದೇ ಅಲ್ವಾ? ಮಳೆನೀರಿಗೆ ಅಂತ ಇರುವ ಕಾಲುವೆಯಲ್ಲಿ ವರ್ಷವಿಡೀ ಹರಿಯುವುದು ಕೊಳಚೆ. ಮದುವೆಗೆ ಮುಂಚೆ ನಾನು ನಾಲ್ಕು ವರ್ಷ ಕೆಂಗೇರಿ ಕಡೆ ಇದ್ದೆ. ದಿನಾ ವೃಷಭಾವತಿ ದಾಟುವಾಗ ಬಸ್ಸಿನಲ್ಲಿ ಎಲ್ಲರೂ ಮೂಗಿಗೆ ಕರ್ಚೀಫ್ ಹಿಡಿಯುತ್ತಿದ್ದೆವು. ಅದೂ ಒಂದು ನದಿ ಅನ್ನುವುದು ನನಗೆ ತಿಳಿದದ್ದೇ ಎಷ್ಟೋ ತಿಂಗಳ ಮೇಲೆ.

ಅಮ್ಮ ಉದ್ಯಾನದ ಬೆಂಚಿನ ಮೇಲೆ ಕೂತು ನೆಲ ನೋಡುತ್ತಾ, "ಇದರ ಕೆಳಗಾ?" ಎಂದರು. ಹೌದು, ಇದರ ಕೆಳಗೇ.

ಜುಲೈ 5, ಶನಿವಾರ

ಈಜಿದೆ! ಕೈ ಇನ್ನೂ ನೋಯುತ್ತಿದೆ, ಆದರೂ ಬರೆದೇ ಮಲಗುತ್ತೇನೆ.

ಬೆರ್ಸಿಯಲ್ಲಿ ನದಿಯ ಒಂದು ಭಾಗವನ್ನು ತೇಲುವ ಕಟ್ಟೆಗಳಿಂದ ಬೇರೆ ಮಾಡಿದ್ದಾರೆ. ಬಟ್ಟೆ ಬದಲಿಸಲು ಕೋಣೆ, ಶವರ್, ಲಾಕರ್ ಎಲ್ಲ ಇದೆ. ಸೊಂಟಕ್ಕೆ ಒಂದು ಹಳದಿ ಗಾಳಿಚೀಲ ಕಟ್ಟಿಕೊಳ್ಳಲೇಬೇಕು. ಅದನ್ನು ನೋಡಿ ಅಮ್ಮನಿಗೆ ಖುಷಿಯೋ ಖುಷಿ. "ನಮ್ಮಣ್ಣ ನನಗೆ ಈಜು ಕಲಿಸುವಾಗ ಒಣಗಿದ ಸೋರೆ ಬುರುಡೆ ಕಟ್ಟಿದ್ದ, ಥೇಟ್ ಹೀಗೇ" ಎಂದು ಮೊಮ್ಮಗಳಿಗೆ ಹೇಳಿದರು. ಅಮ್ಮನಿಗೆ ಈಜು ಬರುತ್ತದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ನಲವತ್ತೊಂದು ವರ್ಷದಲ್ಲಿ ನಾನು ಕೇಳಿಯೇ ಇಲ್ಲ. ಮದುವೆಯಾದ ಮೇಲೆ ಒಂದು ಸಲವೂ ತುಂಗೆಗೆ ಈಜಲು ಇಳಿದಿಲ್ಲವಂತೆ, ಬಟ್ಟೆ ಒಗೆಯಲು ಮಾತ್ರ.

ಸಾಲು ಉದ್ದ ಇತ್ತು. ನಮ್ಮ ಮುಂದೆ ಒಬ್ಬ ಅಜ್ಜ, ಎಂಬತ್ತರ ಮೇಲೆ ಇರಬೇಕು, ಒಬ್ಬರೇ ಬಂದಿದ್ದರು. ಚಿಕ್ಕಂದಿನಲ್ಲಿ ಅವರಪ್ಪ ಕದ್ದು ಇಲ್ಲಿ ಈಜುತ್ತಿದ್ದರಂತೆ. ಅವರು ಏಣಿ ಹಿಡಿದು ಇಳಿದ ರೀತಿ ನನಗೆ ಮರೆಯುವುದಿಲ್ಲ. ಮೊದಲು ಕಾಲು, ಆಮೇಲೆ ಸೊಂಟ, ಆಮೇಲೆ ಏಣಿ ಬಿಟ್ಟು ಅಂಗಾತ ಮಲಗಿಬಿಟ್ಟರು ನೀರಿನ ಮೇಲೆ, ಆಕಾಶ ನೋಡುತ್ತಾ.

ನೀರು ಹಸಿರು. ತಣ್ಣಗಿತ್ತು. ವಾಸನೆ ಇರಲಿಲ್ಲ, ಬಾಯಿಗೆ ಹೋದ ಎರಡು ಗುಟುಕು ಕೆರೆ ನೀರಿನ ಹಾಗೇ ಇತ್ತು. ತಲೆಯೆತ್ತಿದರೆ ಪಾದಚಾರಿ ಸೇತುವೆ, ಆಚೆ ದಡದಲ್ಲಿ ರಾಷ್ಟ್ರೀಯ ಗ್ರಂಥಾಲಯದ ನಾಲ್ಕು ಗೋಪುರ. ಸೇತುವೆ ಮೇಲೆ ನಿಂತವರು ಸುಮ್ನೆ ಕೈ ಬೀಸುತ್ತಿದ್ದರು, ಕೆಳಗಿದ್ದ ನಾವೂ ಬೀಸಿದೆವು. ಮಗಳು ಮೂರು ಸಲ ಆ ತುದಿ ಮುಟ್ಟಿ ಬಂದಳು. ಅಮ್ಮ ದಡದಲ್ಲೇ ಕೂತಿದ್ದರು. ಬರುವಾಗ ನನ್ನ ಒದ್ದೆ ಕೂದಲಿನಿಂದ ನಾಲ್ಕು ಹನಿ ಬೆರಳಿಗೆ ತೆಗೆದುಕೊಂಡು ತಮ್ಮ ತಲೆಗೆ ಚಿಮುಕಿಸಿಕೊಂಡರು. ನಾನು ಏನೂ ಕೇಳಲಿಲ್ಲ.

ಜುಲೈ 6, ಭಾನುವಾರ

ಮಳೆ. ಕೆಂಪು ಬಾವುಟ. ಎರಡನೇ ದಿನಕ್ಕೇ ಮುಚ್ಚಿದ್ದಾರೆ.

ಮಗಳಿಗೆ ಅಳು ಬಂತು, ಗೆಳತಿಯನ್ನು ಕರೆದಿದ್ದಳು. ನನಗೂ ಬೇಜಾರಾಯಿತು, ಆದರೆ ಸಿಟ್ಟು ಬರಲಿಲ್ಲ. ಬೆಳಗ್ಗೆಯಿಂದ ಇದರ ಬಗ್ಗೆಯೇ ಯೋಚಿಸುತ್ತಿದ್ದೇನೆ. ಇಲ್ಲಿ ದಿನಾ ನೀರು ಪರೀಕ್ಷೆ ಮಾಡಿ, ಹಸಿರು, ಹಳದಿ, ಕೆಂಪು ಅಂತ ಬಾವುಟ ಏರಿಸುತ್ತಾರೆ. ಅಷ್ಟು ದುಡ್ಡು ಸುರಿದು, ಅಷ್ಟು ದೊಡ್ಡ ಬಾವಿ ತೋಡಿ, ಜಗತ್ತಿನ ಟಿವಿಗಳೆಲ್ಲ ಬಂದು ಹೋದ ಮಾರನೇ ದಿನವೇ "ಇವತ್ತು ನೀರು ಸರಿಯಿಲ್ಲ, ಇಳಿಯಬೇಡಿ" ಎಂದು ಹೇಳುವುದು ಸುಲಭ ಅಲ್ಲ. ಹೋದ ವರ್ಷ ಒಲಿಂಪಿಕ್ಸ್‌ನಲ್ಲೂ ಹೀಗೇ ಆಗಿತ್ತು. ಗಂಡಸರ ಟ್ರಯಾಥ್ಲಾನ್ (ಈಜು, ಸೈಕಲ್, ಓಟ ಮೂರೂ ಇರುವ ಸ್ಪರ್ಧೆ, ಈಜು ಸೆನ್‌ನಲ್ಲೇ) ಜುಲೈ 30ಕ್ಕೆ ಇತ್ತು, ಮಳೆಯಿಂದ ನೀರು ಕೆಟ್ಟಿದೆ ಅಂತ ಒಂದು ದಿನ ಮುಂದೆ ಹಾಕಿದರು. ಎಲ್ಲ ಕಡೆ ಟೀಕೆ ಬಂತು. ನನಗೆ ಮಾತ್ರ ಆವತ್ತೇ ಇವರ ಮೇಲೆ ನಂಬಿಕೆ ಹುಟ್ಟಿದ್ದು. ಕೆಂಪು ಬಾವುಟ ಹಾರಿಸಲು ಹಿಂಜರಿಯದವರು ಹಸಿರು ಹಾರಿಸಿದಾಗ ನಾನು ಮಗಳನ್ನು ಧೈರ್ಯವಾಗಿ ನೀರಿಗೆ ಬಿಡಬಲ್ಲೆ.

ನಮ್ಮ ತುಂಗೆಯ ದಂಡೆಯಲ್ಲೂ ಹೀಗೆ ಒಂದು ಬಾವುಟ ಇರಬೇಕು ಅಂತ ನನ್ನ ಆಸೆ. ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ರಾಮತೀರ್ಥಕ್ಕೆ ಎಷ್ಟು ಜನ ಇಳಿಯುತ್ತಾರೆ! ಗಂಗಾ ಸ್ನಾನ ತುಂಗಾ ಪಾನ ಅನ್ನುತ್ತೇವೆ. ಆ ನೀರು ಇವತ್ತು ಹೇಗಿದೆ ಅಂತ ದಂಡೆಯಲ್ಲೇ ಒಂದು ಬೋರ್ಡಿನ ಮೇಲೆ ಬರೆದರೆ ಸಾಕು, ಮೊದಲು ಅಷ್ಟು ಮಾಡಲಿ.

ಅಮ್ಮ ಮಳೆ ಬಂದ ಖುಷಿಗೆ ಗೋಳಿಬಜೆ ಮಾಡಿದರು.

ಜುಲೈ 8, ಮಂಗಳವಾರ

ಕ್ಯಾಂಟೀನಿನಲ್ಲಿ ಸಹೋದ್ಯೋಗಿ ಜೊತೆ ಸ್ವಲ್ಪ ವಾದ ಆಯಿತು. ಅವರು ಉಪನಗರದಲ್ಲಿರುವವರು, ದಿನಾ ಕಾರಿನಲ್ಲಿ ಬರುತ್ತಾರೆ. ಈ ಮೇಯರ್ ಹೆಸರೆತ್ತಿದರೆ ಅವರಿಗೆ ಆಗುವುದಿಲ್ಲ. 2016ರಲ್ಲಿ ನದಿಯ ಬಲದಂಡೆಯ ವೇಗದ ರಸ್ತೆಯನ್ನು ಕಾರುಗಳಿಗೆ ಮುಚ್ಚಿದರು. ಹೋದ ಅಕ್ಟೋಬರಿನಲ್ಲಿ ರಿಂಗ್ ರಸ್ತೆಯ ವೇಗ ಗಂಟೆಗೆ 70 ಕಿಲೋಮೀಟರಿನಿಂದ 50ಕ್ಕೆ ಇಳಿಸಿದರು. "ನೀವು ಈಜಿ, ನಾನು ಟ್ರಾಫಿಕ್‌ನಲ್ಲಿ ಕೂರುತ್ತೇನೆ" ಎಂದರು. ಅವರ ಕಷ್ಟ ನಿಜ. ಉಪನಗರದಿಂದ ಬರಲು ಒಳ್ಳೆಯ ರೈಲು ಇಲ್ಲದ ಕಡೆ ಇನ್ನೂ ಬಹಳ ಇದೆ. ನದಿಗೆ ಒಟ್ಟು 140 ಕೋಟಿ ಯೂರೊ ಖರ್ಚಾಗಿದೆ, ಅದರಲ್ಲಿ ಸರ್ಕಾರದ ದುಡ್ಡೂ ಇದೆ, ಸುತ್ತಲಿನ ಊರುಗಳದ್ದೂ ಇದೆ, ಅಂದರೆ ಅವರ ತೆರಿಗೆಯೂ ಇದೆ. ಅವರೂ ಒಂದು ದಿನ ಬಂದು ಈಜಲಿ ಅಂತ ಕರೆದಿದ್ದೇನೆ.

ಮಾರ್ಚ್ 23ರಂದು ಇನ್ನೂ 500 ಬೀದಿಗಳಲ್ಲಿ ಕಾರುಗಳ ಓಡಾಟ ನಿಲ್ಲಿಸಿ ಗಿಡ ನೆಡೋಣವೇ ಎಂದು ಜನಮತ ಕೇಳಿದ್ದರು. ಮೂರರಲ್ಲಿ ಎರಡು ಪಾಲು ಜನ ಹೌದು ಎಂದರು, ಆದರೆ ಮತ ಹಾಕಿದವರು ನೂರಕ್ಕೆ ನಾಲ್ಕು ಜನ ಮಾತ್ರ. ನನ್ನ ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟ್, ಮೇಯರ್ ಚುನಾವಣೆಯಲ್ಲಿ ನನಗೆ ಮತ ಇಲ್ಲ. ಇಷ್ಟು ವರ್ಷ ಇಲ್ಲಿದ್ದು ತೆರಿಗೆ ಕಟ್ಟುವವಳಿಗೆ ಇದು ಚುಚ್ಚುತ್ತದೆ. ಮತ ಇದ್ದೂ ಮನೆಯಲ್ಲೇ ಕೂತವರನ್ನು ನೆನೆದರೆ ಇನ್ನೂ ಜಾಸ್ತಿ. ಒಂದರಲ್ಲಿ ಮಾತ್ರ ನಾನೂ ಸೇರಬಹುದು. ನಗರದ ಬಜೆಟ್ಟಿನ ಒಂದು ಪಾಲನ್ನು ಯಾವ ಕೆಲಸಕ್ಕೆ ಹಾಕಬೇಕು ಎಂದು ವರ್ಷಕ್ಕೊಮ್ಮೆ ನಿವಾಸಿಗಳನ್ನೇ ಕೇಳುತ್ತಾರೆ, 2014ರಿಂದ ನಡೆಯುತ್ತಿದೆ. ಅದಕ್ಕೆ ಯಾವ ದೇಶದವರು ಅಂತ ಕೇಳುವುದಿಲ್ಲ, ಮಕ್ಕಳೂ ಮತ ಹಾಕಬಹುದು. ಮಗಳು ಹೋದ ಸಲ ಶಾಲೆಯ ಅಂಗಳದ ಡಾಂಬರು ಕಿತ್ತು ಮರ ನೆಡುವ ಕೆಲಸಕ್ಕೆ ಹಾಕಿದಳು.

ಜುಲೈ 11, ಶುಕ್ರವಾರ

ಮತ್ತೆ ಬಿಸಿಲು. ಸಂಜೆ ಆಫೀಸಿನಿಂದ ನೇರವಾಗಿ ಬೆರ್ಸಿಗೆ ಹೋದೆ, ಅಮ್ಮ, ಮಗಳು, ನನ್ನ ಗಂಡ ಮೊದಲೇ ಬಂದು ಕಾಯುತ್ತಿದ್ದರು. ಒಂಬತ್ತು ಗಂಟೆವರೆಗೆ ತೆರೆದಿರುತ್ತದೆ, ಈ ತಿಂಗಳಲ್ಲಿ ಅಷ್ಟೊತ್ತಿಗೂ ಚೆನ್ನಾಗಿ ಬೆಳಕಿರುತ್ತದೆ.

ಅಮ್ಮನ ಕೈಯಲ್ಲಿ ಒಂದು ಚೀಲ. ಬಿಚ್ಚಿದರೆ ಈಜುಡುಗೆ! ತೋಳು, ಕಾಲು ಪೂರ್ತಿ ಮುಚ್ಚುವಂಥದ್ದು. ಮಧ್ಯಾಹ್ನ ಮೊಮ್ಮಗಳ ಜೊತೆ ಹೋಗಿ ತಂದಿದ್ದಾರೆ, ನನಗೆ ಒಂದು ಮಾತು ಹೇಳಿಲ್ಲ. ಇಂಥ ಬಟ್ಟೆ ಇಲ್ಲಿ ಬಿಡುತ್ತಾರೋ ಇಲ್ಲವೋ ಅಂತ ನನಗೆ ಎದೆ ಡವಡವ. ಬಾಗಿಲಲ್ಲಿದ್ದ ಹುಡುಗಿಯನ್ನು ಕೇಳಿದೆ. ಅವಳು ತನ್ನ ಮೇಲಿನವರನ್ನು ಕೇಳಿ ಬಂದು, ಇವತ್ತು ಆಗುವುದಿಲ್ಲ, ಬೇರೆ ಥರದ್ದು ಬೇಕು ಎಂದಳು, ತುಂಬಾ ಮೆತ್ತಗೆ, ಎರಡು ಸಲ ಕ್ಷಮೆ ಕೇಳಿ. ನನಗೆ ಅಮ್ಮನ ಮುಖ ನೋಡಲು ಆಗಲಿಲ್ಲ. ಎಲ್ಲರ ಹೊಳೆ ಅಂದ ಮೇಲೆ ಅರವತ್ತೇಳು ವರ್ಷದ ಮಲೆನಾಡಿನ ಹೆಂಗಸಿಗೂ ಅಲ್ಲಿ ಜಾಗ ಇರಬೇಕು. ಇದನ್ನು ಮೇಯರ್ ಕಚೇರಿಗೆ ಬರೆಯುತ್ತೇನೆ, ಫ್ರೆಂಚ್‌ನಲ್ಲಿ, ಚೆನ್ನಾಗಿ ಬಿಡಿಸಿ.

ಅಮ್ಮ ಮಾತ್ರ, "ಹೋಗ್ಲಿ ಬಿಡು ಮಾರಾಯ್ತಿ, ಮೊಣಕಾಲವರೆಗೆ ಬರೋ ಚಡ್ಡಿ ಥರದ್ದೂ ಇತ್ತು ಅಂಗಡೀಲಿ, ನಾಳೆ ಬದಲಾಯಿಸ್ಕೊಂಡು ಬರ್ತೀನಿ" ಎಂದರು.

ನನ್ನ ಗಂಡ, "ಅತ್ತೆ, ನಾನೇ ಕರ್ಕೊಂಡು ಹೋಗ್ತೀನಿ, ಹತ್ತು ಗಂಟೆಗೆ ರೆಡಿ ಇರಿ" ಎಂದರು.

ನಾಡಿದ್ದು 13ರ ರಾತ್ರಿ ಅಗ್ನಿಶಾಮಕದವರ ನೃತ್ಯ ಇದೆ, ಠಾಣೆಯ ಅಂಗಳದಲ್ಲೇ ಹಾಡು ಹಾಕಿ ಊರವರನ್ನೆಲ್ಲ ಕುಣಿಯಲು ಕರೆಯುತ್ತಾರೆ. ಮಗಳಿಗೆ ಅದರ ಗಡಿಬಿಡಿ. ಅಮ್ಮ ಈಗಷ್ಟೇ ಬಂದು ನಾಳೆ ಮಳೆ ಇದೆಯಾ ನೋಡು ಎಂದರು. ನೋಡಿದೆ. ಇಲ್ಲ.