ಗುರಿಗಿಂತ ಮೊದಲು ಸಿಗುವುದು ದಾರಿ

ಗುರಿ ಒಳ್ಳೆಯದಾಗಿದ್ದರೆ ದಾರಿ ಹೇಗಿದ್ದರೇನು ಎಂಬ ಮಾತು ಕೇಳಿದಾಗಲೆಲ್ಲ ನನಗೆ 1922ರ ಫೆಬ್ರವರಿ 4ರಂದು ಇಂದಿನ ಉತ್ತರ ಪ್ರದೇಶದ ಚೌರಿ ಚೌರಾ ಎಂಬ ಊರಿನಲ್ಲಿ ನಡೆದದ್ದು ನೆನಪಾಗುತ್ತದೆ. ಪೊಲೀಸರು ಗುಂಡು ಹಾರಿಸಿದ ಮೇಲೆ ರೊಚ್ಚಿಗೆದ್ದ ಅಸಹಕಾರ ಚಳವಳಿಗಾರರ ಗುಂಪು ಠಾಣೆಗೆ ಬೆಂಕಿ ಹಚ್ಚಿತು. 20ಕ್ಕೂ ಹೆಚ್ಚು ಪೊಲೀಸರು ಸತ್ತರು. ಫೆಬ್ರವರಿ 12ರಂದು ಬಾರ್ಡೋಲಿಯಲ್ಲಿ ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಗಾಂಧೀಜಿಯವರ ಒತ್ತಾಯಕ್ಕೆ ಮಣಿದು ಚಳವಳಿಯನ್ನೇ ನಿಲ್ಲಿಸಿತು. ಜೈಲಿನಲ್ಲಿದ್ದ ನೆಹರೂ ಅವರಿಗೆ ಇದರಿಂದ ಸಿಟ್ಟು ಬಂದಿತ್ತು, ಆ ಸಿಟ್ಟು ನನಗೆ ಅರ್ಥವಾಗುತ್ತದೆ: ಎಲ್ಲೋ ಒಂದು ಊರಿನ ತಪ್ಪಿಗೆ ಇಡೀ ದೇಶದ ಹೋರಾಟವೇಕೆ ನಿಲ್ಲಬೇಕು?

ಆದರೂ ನಾನು ಗಾಂಧೀಜಿಯವರ ಕಡೆಗೇ ನಿಲ್ಲುತ್ತೇನೆ. ಗುರಿ ಎಂದೋ ಈಡೇರಬಹುದು, ಈಡೇರದೆಯೂ ಹೋಗಬಹುದು. ಬೆಂಕಿಯಲ್ಲಿ ಬೆಂದವನ ಮನೆಯವರ ಪಾಲಿಗೆ ಬರುವುದು ದಾರಿ ಮಾತ್ರ. ಅಲ್ಲದೆ, ಸುಳ್ಳು ಹೇಳಿ ಚುನಾವಣೆ ಗೆದ್ದವರು ಆಮೇಲೆ ಸತ್ಯಕ್ಕೆ ಮರಳುವುದು ಅಪರೂಪ, ಏಕೆಂದರೆ ಹಳೆಯ ಸುಳ್ಳನ್ನು ಕಾಯಲು ಹೊಸದೊಂದು ಬೇಕಾಗುತ್ತದೆ, ಅಷ್ಟರಲ್ಲಿ ಸುಳ್ಳು ಹೇಳಬಲ್ಲವರೇ ಪಕ್ಷದಲ್ಲಿ ಮೇಲೇರಿರುತ್ತಾರೆ.

ನಮ್ಮವರ ತಪ್ಪನ್ನು ತಪ್ಪೆನ್ನುವುದು ಎಷ್ಟು ಕಷ್ಟವೆಂದು ನನಗೂ ಗೊತ್ತು. ನಾನು ಮನಸಾರೆ ಬೆಂಬಲಿಸಿದ್ದ ನ್ಯಾಯವಾದ ಬೇಡಿಕೆಯೊಂದಕ್ಕಾಗಿ, ಅಂಕಿಗಳನ್ನು ಉಬ್ಬಿಸಿದ್ದ ಕರಪತ್ರವನ್ನು ಹಂಚುವಾಗ ನಾನು ಬಾಯಿ ಮುಚ್ಚಿಕೊಂಡಿದ್ದೆ. ಅಂಕಿ ಸುಳ್ಳೆಂದು ಬಯಲಾದ ದಿನ, ಕರಪತ್ರವನ್ನು ನನ್ನಿಂದಲೇ ಪಡೆದಿದ್ದ ಒಬ್ಬರು ಅದನ್ನು ಮಡಿಸಿ ನನ್ನ ಕೈಗೇ ವಾಪಸ್ ಕೊಟ್ಟರು.