ಟ್ಯೂಬ್ ಹಾಕುವ ಹೊತ್ತಿನ ಬಿಪಿ ಮತ್ತು ಗೋಡೆಯ ಗಡಿಯಾರ

ಪೂರ್ಣ ಅರಿವಳಿಕೆಯಲ್ಲಿ ರೋಗಿಯ ರಕ್ತದೊತ್ತಡ ಏರುವುದು ಶಸ್ತ್ರವೈದ್ಯರು ಚಾಕು ಇಟ್ಟಾಗ ಎಂದು ಹಲವರು ತಿಳಿದಿದ್ದಾರೆ. ಮಂಗಳೂರಿನಲ್ಲಿ ಅರಿವಳಿಕೆ ವೈದ್ಯನಾಗಿ ನಾನು ದಿನವೂ ಕಾಣುವುದು ಬೇರೆಯೇ. ಗಂಟಲೊಳಗೆ ನೋಡುವ ಸಾಧನವಾದ ಲ್ಯಾರಿಂಗೋಸ್ಕೋಪಿನಿಂದ ನಾಲಗೆಯ ಬುಡವನ್ನು ಎತ್ತಿ ಶ್ವಾಸನಾಳಕ್ಕೆ ಟ್ಯೂಬ್ ಇಳಿಸುವಾಗಲೇ ಮಾನಿಟರಿನ ಅಂಕಿಗಳು ಜಿಗಿಯುತ್ತವೆ. ರೋಗಿಗೆ ಪ್ರಜ್ಞೆ ಇಲ್ಲದಿದ್ದರೂ ಗಂಟಲಿನ ನರಗಳು ಮಿದುಳಿನ ಬುಡಕ್ಕೆ ಸುದ್ದಿ ಮುಟ್ಟಿಸಿ, ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್ ರಕ್ತಕ್ಕೆ ಸೇರಿ, ನಾಡಿಯೂ ಬಿಪಿಯೂ ಸುಮಾರು ಒಂದು ನಿಮಿಷದೊಳಗೆ ತುದಿ ಮುಟ್ಟುತ್ತವೆ. ಮತ್ತೆ ಐದು ಹತ್ತು ನಿಮಿಷಗಳಲ್ಲಿ ತಾವಾಗಿಯೇ ಇಳಿಯುತ್ತವೆ. ವೈದ್ಯಸಾಹಿತ್ಯದಲ್ಲಿ 1951ರಷ್ಟು ಹಿಂದೆಯೇ ಇದು ವಿವರವಾಗಿ ದಾಖಲಾಗಿದೆ. ಹರ್ನಿಯಾಕ್ಕೆಂದು ಬಂದ ಗಟ್ಟಿ ತರುಣನಿಗೆ ಇದರಿಂದ ಏನೂ ಆಗುವುದಿಲ್ಲ. ಹೃದಯದ ರಕ್ತನಾಳ ಕಿರಿದಾದವರಿಗೆ, ಮಿದುಳಿನ ರಕ್ತನಾಳ ಉಬ್ಬಿಕೊಂಡವರಿಗೆ, ಬಸಿರಿನ ಬಿಪಿ ಇರುವ ತಾಯಂದಿರಿಗೆ ಆ ಒಂದು ನಿಮಿಷವೇ ಅಪಾಯದ್ದು.

ಇದನ್ನು ತಡೆಯುವ ಔಷಧಗಳ ಹೆಸರೂ ಪ್ರಮಾಣವೂ ನಮ್ಮ ಪಿಜಿ ವಿದ್ಯಾರ್ಥಿಗಳಿಗೆ ಬಾಯಿಪಾಠ. ತೊಡಕಿರುವುದು ಹೊತ್ತು ಹೊಂದಿಸುವುದರಲ್ಲಿ.

ನೋವು ತಗ್ಗಿಸುವ ಫೆಂಟನಿಲ್ ಅನ್ನೇ ತೆಗೆದುಕೊಳ್ಳೋಣ. ಕಿಲೋಗೆ 2 ಮೈಕ್ರೋಗ್ರಾಂ ಎಂದರೆ 60 ಕಿಲೋ ತೂಕದವರಿಗೆ 120 ಮೈಕ್ರೋಗ್ರಾಂ, ಲೆಕ್ಕ ಸುಲಭ. ಆದರೆ ಅದರ ಪೂರ್ಣ ಪರಿಣಾಮಕ್ಕೆ ಮೂರರಿಂದ ಐದು ನಿಮಿಷ ಬೇಕು. ಶಸ್ತ್ರಚಿಕಿತ್ಸೆಗಳ ಲಿಸ್ಟ್ ಉದ್ದವಿದ್ದ ದಿನ ನಡೆಯುವುದು ಏನೆಂದರೆ, ಫೆಂಟನಿಲ್‌ನ ಬೆನ್ನಿಗೇ ಪ್ರಜ್ಞೆ ತಪ್ಪಿಸುವ ಪ್ರೊಪೊಫಾಲ್, ಅದರ ಬೆನ್ನಿಗೇ ಸ್ನಾಯು ಸಡಿಲಿಸುವ ಔಷಧ, ಸ್ವಲ್ಪ ಹೊತ್ತು ಮಾಸ್ಕಿನಿಂದ ಉಸಿರು, ಕೂಡಲೇ ಲ್ಯಾರಿಂಗೋಸ್ಕೋಪ್. ಸಿಸ್ಟಾಲಿಕ್, ಅಂದರೆ ಬಿಪಿಯ ಮೇಲಿನ ಅಂಕಿ, 190ಕ್ಕೆ ಹೋಗುತ್ತದೆ. ಟ್ಯೂಬ್ ಕಟ್ಟಿ, ಶಸ್ತ್ರವೈದ್ಯರು ಇನ್ನೂ ಕೈ ತೊಳೆಯುತ್ತಿರುವಾಗ, ರೋಗಿಯ ಮೈಯನ್ನು ಯಾರೂ ಮುಟ್ಟದಿರುವ ಆ ಬಿಡುವಿನಲ್ಲಿ, ಧಾರೆ ಮುಗಿದ ಮೇಲೆ ಓಲಗದವರು ಬಂದಂತೆ ಫೆಂಟನಿಲ್ ತನ್ನ ಶಕ್ತಿ ತೋರಿಸುತ್ತದೆ, ಬಿಪಿ 80ಕ್ಕೆ ಬೀಳುತ್ತದೆ. ಏರಿದ್ದಕ್ಕೆ ಇನ್ನೊಂದು ಔಷಧವನ್ನೂ ಯಾರಾದರೂ ಕೊಟ್ಟಿದ್ದರಂತೂ ಇಳಿತ ಇನ್ನೂ ಆಳ. ನನ್ನ ಅಭಿಪ್ರಾಯದಲ್ಲಿ ವಯಸ್ಸಾದವರಿಗೆ ಏರಿಕೆಗಿಂತ ಈ ಇಳಿತವೇ ಹೆಚ್ಚು ಕೆಟ್ಟದ್ದು, ಏಕೆಂದರೆ ಏರಿಕೆ ತಾನಾಗಿ ಇಳಿಯುತ್ತದೆ, ಇಳಿತವನ್ನು ನಾವೇ ಎತ್ತಬೇಕಾಗುತ್ತದೆ.

ಆದ್ದರಿಂದ ಮಾಸ್ಕಿನಲ್ಲಿ ಆಮ್ಲಜನಕ ಶುರುವಾದಾಗಲೇ ಫೆಂಟನಿಲ್ ಕೊಟ್ಟು, ಹೊತ್ತನ್ನು ಗಟ್ಟಿಯಾಗಿ ಹೇಳುವ ರೂಢಿ ನಮ್ಮಲ್ಲಿದೆ. ಓಟಿ ಟೆಕ್ನಿಷಿಯನ್ ಅದನ್ನು ಚಾರ್ಟಿನಲ್ಲಿ ಬರೆಯುತ್ತಾರೆ. ಸ್ನಾಯು ಸಡಿಲಿಸಲು ವೆಕ್ಯುರೋನಿಯಂ ಕೊಟ್ಟರೆ ಹೇಗೂ ಮೂರು ನಿಮಿಷ ಕಾಯಬೇಕು, ಆ ಕಾಯುವಿಕೆ ಫೆಂಟನಿಲ್‌ಗೂ ದಕ್ಕುತ್ತದೆ. ತೋಳಿನ ಪಟ್ಟಿಯನ್ನು ಐದು ನಿಮಿಷಕ್ಕೊಮ್ಮೆ ಅಳೆಯಲು ಬಿಟ್ಟರೆ ಏರಿಕೆ ಕಣ್ಣಿಗೇ ಬೀಳುವುದಿಲ್ಲ. ಒಂದು ನಿಮಿಷಕ್ಕೆ ಹೊಂದಿಸಿಕೊಳ್ಳಬೇಕು.

ನಾಡಿ ತಗ್ಗಿಸುವ ಬೀಟಾ ಬ್ಲಾಕರ್ ಎಸ್ಮೊಲಾಲ್‌ನ ಸ್ವಭಾವ ಬೇರೆ. ಕಿಲೋಗೆ ಸುಮಾರು 1 ಮಿಲಿಗ್ರಾಂನಂತೆ ಎರಡು ನಿಮಿಷ ಮೊದಲು ಕೊಟ್ಟರೆ ಸಾಕು. ಕೆಂಪು ರಕ್ತಕಣಗಳಲ್ಲಿರುವ ಕಿಣ್ವವೇ ಅದನ್ನು ಒಡೆಯುವುದರಿಂದ ಸುಮಾರು 9 ನಿಮಿಷಕ್ಕೆ ಅರ್ಧಕ್ಕೆ ಇಳಿಯುತ್ತದೆ. ನಾಡಿಯನ್ನು ಚೆನ್ನಾಗಿ ಹಿಡಿಯುತ್ತದೆ, ಬಿಪಿಯನ್ನು ಅಷ್ಟಾಗಿ ಅಲ್ಲ. ಉಬ್ಬಸ ಇರುವವರಿಗೆ ಕೊಡುವ ಮುನ್ನ ಎರಡು ಸಲ ಯೋಚಿಸಬೇಕು. ಮಂಪರು ಬರಿಸುವ ಡೆಕ್ಸ್‌ಮೆಡಿಟೊಮಿಡಿನ್ ಅನ್ನು ಪಂಪಿನಲ್ಲಿ ಹತ್ತು ನಿಮಿಷ ನಿಧಾನವಾಗಿ ಬಿಡಬೇಕು. ಅವಸರದಲ್ಲಿ ತಳ್ಳಿದರೆ ಯಾವುದನ್ನು ತಡೆಯಲು ಹೊರಟೆವೋ ಅದೇ ಬಿಪಿ ಮೊದಲು ಏರುತ್ತದೆ, ನಾಡಿ ತೀರ ನಿಧಾನವಾಗುತ್ತದೆ. ರಕ್ತನಾಳಕ್ಕೆ ಕೊಡುವ, ಜೋಮು ಹಿಡಿಸುವ ಔಷಧವಾದ ಲಿಗ್ನೋಕೇನ್‌ನ ಬಗ್ಗೆ ಅಧ್ಯಯನಗಳ ಫಲ ಒಂದೇ ತೆರನಾಗಿಲ್ಲ, ನಾನು ಅದೊಂದನ್ನೇ ನೆಚ್ಚುವುದಿಲ್ಲ. ಇನ್ನು, ಹದಿನೈದು ಸೆಕೆಂಡಿನೊಳಗೆ ಕೆಲಸ ಮುಗಿಸುವ ಕೈಯೂ ಒಂದು ಔಷಧವೇ. ಹೊಸಬರು ಟ್ಯೂಬ್ ಹಾಕುವ ಕೇಸುಗಳಲ್ಲಿ ಅರಿವಳಿಕೆಯ ಆಳ ಸ್ವಲ್ಪ ಹೆಚ್ಚೇ ಇರಲಿ ಎನ್ನುತ್ತೇನೆ.

ಅರ್ಧ ಕೆಲಸ ಹಿಂದಿನ ದಿನವೇ ವಾರ್ಡಿನಲ್ಲಿ ಆಗಬೇಕು. ಬಂಟ್ವಾಳ, ಕಾರ್ಕಳದ ಕಡೆಯಿಂದ ಬಂದ ಹಿರಿಯರೊಬ್ಬರನ್ನು ಬೆಳಿಗ್ಗೆ ಥಿಯೇಟರಿನ ಬಾಗಿಲಲ್ಲಿ, “ಅಜ್ಜ, ಬಿಪಿಯ ಮಾತ್ರೆ ತೆಗೆದುಕೊಂಡಿದ್ದೀರಾ?” ಎಂದು ಕೇಳಿದರೆ ಬರುವ ಉತ್ತರ ಹೆಚ್ಚಾಗಿ ಇದು: “ಇಲ್ಲ ಡಾಕ್ಟ್ರೇ, ರಾತ್ರಿಯಿಂದ ಬಾಯಿಗೆ ಏನೂ ಹಾಕಬಾರದು ಅಂತ ಹೇಳಿದ್ದರಲ್ಲ, ಮತ್ತೆ ಮಾತ್ರೆ ಹೇಗೆ ತೆಗೆದುಕೊಳ್ಳುವುದು?” ಅವರ ತರ್ಕ ಸರಿಯೇ ಇದೆ, ಹೇಳಿದ ನಮ್ಮವರ ಮಾತು ಅರ್ಧ. ಆಮ್ಲೊಡಿಪಿನ್, ಬೀಟಾ ಬ್ಲಾಕರ್ ಮಾತ್ರೆಗಳನ್ನು ಒಂದು ಗುಟುಕು ನೀರಿನಲ್ಲಿ ನುಂಗಬೇಕು. ಟೆಲ್ಮಿಸಾರ್ಟನ್ ಬಗೆಯದ್ದನ್ನು ಆ ಬೆಳಿಗ್ಗೆ ಬಿಡಿಸುವುದು ನಮ್ಮಲ್ಲಿ ವಾಡಿಕೆ, ಅರಿವಳಿಕೆಯ ನಂತರದ ಇಳಿತ ಅದರಿಂದ ಹೆಚ್ಚುತ್ತದೆ. ಮಾತ್ರೆಯ ಹೆಸರು ಹಿಡಿದು, ಮನೆಯವರ ಎದುರಿಗೇ ಹೇಳಿದರೆ ಈ ಗೊಂದಲ ಕಡಿಮೆ.

ಬಸಿರಿನ ಬಿಪಿ ಇರುವವರ ಸಿಸೇರಿಯನ್ನಿಗೆ ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಡುತ್ತೇವೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ತೀರ ಇಳಿದು ಪೂರ್ಣ ಅರಿವಳಿಕೆಯೇ ಬೇಕಾದಾಗ, ಸಿಸ್ಟಾಲಿಕ್ 160ರ ಕೆಳಗೆ ಬರುವಂತೆ ಲ್ಯಾಬೆಟಲಾಲ್ ಕೊಟ್ಟು ಪರಿಣಾಮಕ್ಕೆ ಕಾದು, ಆ ಮೇಲೆಯೇ ಮುಂದುವರಿಯಬೇಕು. ಮಿದುಳಿನಲ್ಲಿ ರಕ್ತಸ್ರಾವವಾಗುವ ಭಯ ಅಲ್ಲಿ ನಿಜವಾದದ್ದು. ಫೆಂಟನಿಲ್ ಕೊಟ್ಟರೆ ಮಗುವಿನ ಉಸಿರು ಮಂದವಾಗಬಹುದಾದ್ದರಿಂದ ಮಕ್ಕಳ ವೈದ್ಯರಿಗೆ ಮೊದಲೇ ತಿಳಿಸಬೇಕು. ಫಿಟ್ಸ್ ತಡೆಯಲು ಮೆಗ್ನೀಸಿಯಂ ಪಡೆದವರಲ್ಲಿ ಸ್ನಾಯು ಸಡಿಲಿಸುವ ಔಷಧದ ಪರಿಣಾಮ ಉದ್ದವಾಗುತ್ತದೆ ಎಂಬುದೂ ನೆನಪಿರಲಿ.

ಇಷ್ಟೆಲ್ಲ ಮಾಡಿದವರೂ ಟ್ಯೂಬ್ ತೆಗೆಯುವ ಹೊತ್ತನ್ನು ಮರೆಯುವುದುಂಟು. ಎಚ್ಚರಗೊಳ್ಳುತ್ತಿರುವ ರೋಗಿ ಕೆಮ್ಮಿದಾಗಲೂ ಬಿಪಿ ಜಿಗಿಯುತ್ತದೆ, ಆಗ ತಡೆಯಲು ಆಳದ ಅರಿವಳಿಕೆಯ ಆಸರೆಯೂ ಇರುವುದಿಲ್ಲ. ಲಿಗ್ನೋಕೇನ್ ಕೆಮ್ಮನ್ನು ತಗ್ಗಿಸುತ್ತದೆ, ಹಾಗಾಗಿ ಅದನ್ನು ನಾನು ಹೆಚ್ಚಾಗಿ ಬಳಸುವುದು ಇಲ್ಲಿ. ಹೃದ್ರೋಗಿಗಳಿದ್ದರೆ ಎಸ್ಮೊಲಾಲ್‌ನ ಸಿರಿಂಜು ಕೊನೆಯ ಹೊಲಿಗೆಯ ಹೊತ್ತಿಗೆ ಟ್ರೇಯಲ್ಲಿ ಸಿದ್ಧವಿರುತ್ತದೆ.